ಬೂಷ್ಟು ಹಿಡಿದ ದೆವ್ವದ ಕ್ಯಾಸೆಟ್‌ಗಳು: ನನ್ನ ಅನುಭವ

ಬೂಷ್ಟು ಹಿಡಿದ ವಿಎಚ್‌ಎಸ್ ಕ್ಯಾಸೆಟ್ ಗುಜರಿಗೇ ಸರಿ ಎಂದು ನನಗೆ ಬುದ್ಧಿ ಹೇಳಿದವರೆಲ್ಲ ಬೆಂಗಳೂರು, ಮುಂಬೈ ಕಡೆಯ ಸಂಗ್ರಾಹಕರು. ಕಲಬುರಗಿಯ ಮೇ ತಿಂಗಳನ್ನು ಅವರು ಕಂಡಿಲ್ಲ. ಅವರು ಮೂಗು ಮುರಿದ ಮಾಲಿನಲ್ಲೇ ಮುಕ್ಕಾಲು ಪಾಲನ್ನು ನಾನು ಓಡಿಸಿ ತೋರಿಸಿದ್ದೇನೆ. ಈಗ ಹೇಗೆ ಎಂದು ಕೇಳುತ್ತಿದ್ದಾರೆ. ಟ್ರ್ಯಾಕಿಂಗ್ (ಯಂತ್ರ ಟೇಪಿನ ಜಾಡನ್ನು ಸರಿಯಾಗಿ ಹಿಡಿಯುವುದು), ಟಿಬಿಸಿ (ಅಲುಗುವ ಚಿತ್ರವನ್ನು ನೆಟ್ಟಗೆ ನಿಲ್ಲಿಸುವ ಸಾಧನ) ಇವುಗಳ ವಿವರವಾದ ಪಾಠ ಇಲ್ಲಿಲ್ಲ. ಅದು ಗೊತ್ತಿರುವವರಿಗಾಗಿ ಬರೆಯುತ್ತಿದ್ದೇನೆ.

ಮಾಲು ಸಿಕ್ಕಿದ್ದು ಕಲಬುರಗಿಯ ಸೂಪರ್ ಮಾರ್ಕೆಟ್ ಪ್ರದೇಶದ ಒಂದು ಗೋದಾಮಿನಲ್ಲಿ. ವಿಡಿಯೊ ಲೈಬ್ರರಿ ಮುಚ್ಚಿದ ಮೇಲೆ ಕ್ಯಾಸೆಟ್‌ಗಳನ್ನು ಗೋಣಿಚೀಲಕ್ಕೆ ತುಂಬಿ ತೊಗರಿ ಮೂಟೆಗಳ ಹಿಂದೆ ತಳ್ಳಿದ್ದರು. ಎರಡೂವರೆ ಸಾವಿರ ಕೇಳಿದರು. ಚೌಕಾಸಿಯಲ್ಲಿ ಸಾವಿರದ ಎಂಟುನೂರಕ್ಕೋ ಏನೋ ಇಳಿದರು. ಒಳಗೆ ಹಿಂದಿಯ ದೆವ್ವದ ಚಿತ್ರಗಳಿಗೆ ಹೆಸರಾದ ರಾಮ್ಸೆ ಸಹೋದರರ ಚಿತ್ರಗಳು, 1984ರಲ್ಲಿ ಅವರ ‘ಪುರಾನಾ ಮಂದಿರ್’ ದುಡ್ಡು ಬಾಚಿದ ಮೇಲೆ ಅದೇ ಜಾಡು ಹಿಡಿದು ಬಂದ ಅಗ್ಗದ ಪಿಶಾಚಿ ಚಿತ್ರಗಳು, ಡಕಾಯಿತರ ಸೇಡಿನ ಕಥೆಗಳು ಇದ್ದವು. ಕೆಲವಕ್ಕೆ ಹೊದಿಕೆಯೇ ಇರಲಿಲ್ಲ, ಬೆನ್ನಿನ ಮೇಲೆ ಕೈಬರಹದ ಉರ್ದು ಹೆಸರು ಮಾತ್ರ.

ರಾಮ್ಸೆಯವರ ಚಿತ್ರಗಳನ್ನು ಮೊಂಡೋ ಮಕಾಬ್ರೋ ಸಂಸ್ಥೆ ಡಿವಿಡಿಯಲ್ಲೂ ಈಚೆಗೆ ಬ್ಲೂ-ರೇಯಲ್ಲೂ ತಂದಿದೆಯಲ್ಲ, ಈ ಕಸ ಏಕೆ ಎಂಬ ಪ್ರಶ್ನೆ ಬರುತ್ತದೆ. ಬ್ಲೂ-ರೇ ನನ್ನಲ್ಲೂ ಇದೆ, ಚಿತ್ರ ಕಣ್ಣಿಗೆ ಹಬ್ಬ. ಆದರೆ ಅಮೆರಿಕದಿಂದ ಒಂದು ಡಿಸ್ಕ್ ತರಿಸಿದರೆ ಸಾಗಣೆ, ಸುಂಕ ಎಲ್ಲ ಸೇರಿ ಐದಾರು ಸಾವಿರ ಕೈಬಿಟ್ಟು ಹೋಗುತ್ತದೆ. ಅದು ರೀಜನ್ ಎ ಬೀಗದ, ಎಂದರೆ ಅಮೆರಿಕದ ಕಡೆಯ ಪ್ಲೇಯರ್‌ಗಳಲ್ಲಷ್ಟೇ ಓಡುವ ಡಿಸ್ಕಾದರೆ ನಮ್ಮ ರೀಜನ್ ಸಿ ಪ್ಲೇಯರ್ ಅದನ್ನು ಮುಟ್ಟುವುದೂ ಇಲ್ಲ. ಮೇಲಾಗಿ ಆ ಅಗ್ಗದ ಅನುಕರಣೆಗಳನ್ನೆಲ್ಲ ಯಾರು ಬ್ಲೂ-ರೇಗೆ ತರುತ್ತಾರೆ? ಚಿತ್ರದ ಮೇಲೆಯೇ ಅಡ್ಡಲಾಗಿ ಹರಿಯುವ ಜಾಹೀರಾತು, ದೆವ್ವ ಬಾಯಿ ತೆರೆದ ಕ್ಷಣದಲ್ಲೇ ಪರದೆಯ ಮೂಲೆಯಲ್ಲಿ ಕೂರುವ ವಿಡಿಯೊ ಕಂಪನಿಯ ಮುದ್ರೆ, ಇವು ಕ್ಯಾಸೆಟ್‌ನಲ್ಲಿ ಮಾತ್ರ ಉಳಿದಿವೆ. ನನಗೆ ಬೇಕಾದದ್ದು ಅದೂ ಸೇರಿ.

ಮೊದಲ ಮಳೆಗಾಲ ಪೂರ್ತಿ ಹಣ ಸುಟ್ಟಿತು. ಐಸೊಪ್ರೊಪೈಲ್ ಆಲ್ಕೊಹಾಲ್‌ನಿಂದ ಒರೆಸುವುದು ಎಲ್ಲರೂ ಹೇಳುವ ದಾರಿ. ಹಸಿ ಬೂಷ್ಟಿನ ಮೇಲೆ ಅದನ್ನು ಹಚ್ಚಿದರೆ ಬಿಳಿ ಚುಕ್ಕೆ ಹೋಗಿ ಟೇಪಿನುದ್ದಕ್ಕೂ ಜಿಡ್ಡಿನ ಪದರವಾಗುತ್ತದೆ. ಅದು ಟೇಪನ್ನು ಓದುವ ಹೆಡ್‌ಗೆ ಮೆತ್ತಿಕೊಂಡು ಪರದೆಯ ತುಂಬ ಹಿಮದಂಥ ಬಿಳಿ ಚುಕ್ಕೆ. ಹೇರ್ ಡ್ರೈಯರ್ ಹಿಡಿದ ಕ್ಯಾಸೆಟ್‌ನ ಕೆಳ ಅಂಚು ಅಲೆಯಾಯಿತು; ಟೇಪಿನ ಓಟವನ್ನು ಹೊಂದಿಸುವ ಕಂಟ್ರೋಲ್ ಟ್ರ್ಯಾಕ್ ಇರುವುದೇ ಅಲ್ಲಿ, ಹಾಗಾಗಿ ಚಿತ್ರ ಕುಣಿಯತೊಡಗಿತು. ಮೇಲಂಚು ಹಾಳಾದರೆ ಧ್ವನಿ ಹೋಗುತ್ತದೆ. ಮೂರು ಸಾವಿರ ಕೊಟ್ಟು ತಂದ ವಿಸಿಆರ್‌ನ ಹೆಡ್ ಡ್ರಮ್ ಇದರಲ್ಲೇ ಸತ್ತಿತು. ವಿಸಿಆರ್ ಮಾಡುತ್ತಿದ್ದ ಕೊನೆಯ ಕಂಪನಿ, ಜಪಾನಿನ ಫುನಾಯ್, 2016ರಲ್ಲಿ ತಯಾರಿಕೆ ನಿಲ್ಲಿಸಿದ ಮೇಲೆ ಹೊಸ ವಿಸಿಆರ್ ಎಂಬುದೇ ಇಲ್ಲ. ಹೈದರಾಬಾದಿನ ಕೋಠಿಯ ಗುಜರಾತಿ ಗಲ್ಲಿಯಲ್ಲಿ ಅಲೆದು ಎರಡು ಕೆಟ್ಟ ಯಂತ್ರ ತಂದು ಒಂದು ಮಾಡಿಕೊಂಡೆ.

ಗೆದ್ದದ್ದು ಒಣಗಿಸಿದ ಮೇಲೆ. ಕ್ಯಾಸೆಟ್‌ನ ಐದು ಸ್ಕ್ರೂ ಬಿಚ್ಚಿ, ಮುಚ್ಚಳದ ಸ್ಪ್ರಿಂಗ್ ಹಾರದಂತೆ ಹೆಬ್ಬೆರಳಲ್ಲಿ ಒತ್ತಿ, ಎರಡೂ ಸುರುಳಿಗಳನ್ನು ಹೊರತೆಗೆಯುತ್ತೇನೆ. ಗಾಳಿಯಾಡದ ಸ್ಟೀಲ್ ಡಬ್ಬಿಯಲ್ಲಿ ನೀಲಿ ಸಿಲಿಕಾ ಜೆಲ್ ಹಾಸಿ ಅದರ ಮೇಲೆ ಜಾಲರಿ, ಜಾಲರಿಯ ಮೇಲೆ ಸುರುಳಿ. ಏಪ್ರಿಲ್ ಎರಡನೇ ವಾರದಿಂದ ಮೇ ಕೊನೆಯವರೆಗೆ, ನೆರಳಿನ ಕೋಣೆಯಲ್ಲಿ. ಹೊರಗೆ 42 ಡಿಗ್ರಿ ಇರುವಾಗ ಇಲ್ಲಿನ ಗಾಳಿಯಲ್ಲಿ ತೇವ ಹುಡುಕಿದರೂ ಸಿಗದು. ಬಿಸಿಲಿಗೆ ಮಾತ್ರ ಇಡಬೇಡಿ, ಮಾಳಿಗೆಯ ಕಲ್ಲಿನ ಮೇಲೆ ರೀಲು ಸೊಟ್ಟಗಾಗುತ್ತದೆ. ಜೆಲ್ ಗುಲಾಬಿಯಾದರೆ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಹುರಿದು ಮತ್ತೆ ನೀಲಿ ಮಾಡಿಕೊಳ್ಳಿ, ಆದರೆ ಅಡುಗೆಯ ಬಾಣಲೆ ಬೇಡ. ಸುಮಾರು ಮೂರು ವಾರದಲ್ಲಿ ಬೂಷ್ಟು ಸುಣ್ಣದ ಪುಡಿಯಂತಾಗುತ್ತದೆ, ಊದಿದರೆ ಏಳುತ್ತದೆ. ಊದಬೇಡಿ, ಮುಖಗವಸು ಹಾಕಿಕೊಂಡು ಅಂಗಳದಲ್ಲಿ ಕೂತು ಕೆಲಸ ಮಾಡಿ.

ಆಮೇಲೆ ಟೇಪು ಸುತ್ತುವ ಹಳೆಯ ಯಂತ್ರಕ್ಕೆ (ರಿವೈಂಡರ್) 12 ವೋಲ್ಟ್ ಬದಲು ಐದರ ಆಸುಪಾಸು ಕೊಟ್ಟು ನಿಧಾನವಾಗಿ ಸುತ್ತಿಸುತ್ತೇನೆ. ಟೇಪು ಎರಡು ಬಟ್ಟೆಯ ದಿಂಡುಗಳ ನಡುವೆ ಹಾದುಹೋಗುತ್ತದೆ. ಮೂರು ಗಂಟೆಯ ಇ-180 ಕ್ಯಾಸೆಟ್ ಎಂದರೆ ಸುಮಾರು 258 ಮೀಟರ್ ಟೇಪು, ಹೋಗಿ ಬರಲು ಒಂದು ಸಂಜೆ ಬೇಕು. ಬಟ್ಟೆ ಯಾವುದು, ದಿಂಡನ್ನು ಎಷ್ಟು ಬಿಗಿ ಮಾಡಬೇಕು ಎಂಬುದನ್ನು ಹೇಳುವುದಿಲ್ಲ. ಅಷ್ಟನ್ನಾದರೂ ನೀವೇ ಹುಡುಕಿಕೊಳ್ಳಿ, ನನಗೆ ಎರಡು ವರ್ಷ ಹಿಡಿದಿದೆ. ಆಲ್ಕೊಹಾಲ್ ಮುಟ್ಟುವುದು ಕೊನೆಯಲ್ಲಿ, ಅದೂ ಹೆಡ್‌ಗೆ. ಸುರುಳಿಗಳನ್ನು ಬೇರೆ ಶುದ್ಧ ಕವಚಕ್ಕೆ ಹಾಕಿ, ಟಿಬಿಸಿ ಕೆಲಸಕ್ಕೆ ಪ್ಯಾನಾಸಾನಿಕ್‌ನ ಇಎಸ್10 ಡಿವಿಡಿ ರೆಕಾರ್ಡರ್ ಮೂಲಕ ಹಾಯಿಸಿ ಚಿತ್ರದ ಗುಣಮಟ್ಟ ಕುಗ್ಗದ ಫೈಲ್ ಮಾಡುತ್ತೇನೆ. ಗಂಟೆಗೆ 30 ಜಿಬಿ ಹತ್ತಿರ ತಿನ್ನುತ್ತದೆ.

ನಡುವೆ ವಿಸಿಡಿಗಳ (ಸಿನಿಮಾ ತುಂಬಿದ ಸಿಡಿ) ಹುಚ್ಚೂ ಹತ್ತಿತ್ತು. ಕೆಳಮೈಯ ಗೀರಿಗೆ ಟೂತ್‌ಪೇಸ್ಟ್ ಉಜ್ಜಿದರೆ ನಿಜಕ್ಕೂ ಕೆಲಸ ಮಾಡುತ್ತದೆ. ಲೇಬಲ್ ಕಡೆಯ ಬೆಳ್ಳಿಬಣ್ಣದ ಪದರ ಕಿತ್ತಿದ್ದರೆ ದೇವರೂ ಕಾಯಲಾರ. ವಿಸಿಡಿಯ ವಿಡಿಯೊ ಭಾಗಕ್ಕೆ ಡೇಟಾ ಸಿಡಿಯಷ್ಟು ದೋಷ ತಿದ್ದುವ ಸಂಕೇತ ಇಲ್ಲ. ಹಾಗಾಗಿ ಸುಮ್ಮನೆ ಕಾಪಿ ಮಾಡಲು ಹೋದರೆ ಕಂಪ್ಯೂಟರ್ ಅರ್ಧಕ್ಕೇ ಕೈಚೆಲ್ಲುತ್ತದೆ; ಡಿಸ್ಕಿನ ತುಣುಕುಗಳನ್ನು (ಸೆಕ್ಟರ್) ಇದ್ದ ಹಾಗೆಯೇ ಓದಿಸಿ, ತಪ್ಪನ್ನು ದಾಟಿ ಮುಂದೆ ಹೋಗಲು ಬಿಡಬೇಕು. ಮೋಸರ್ ಬೇರ್ ಕಂಪನಿ 28 ರೂಪಾಯಿಗೆ ಮಾರಿದ ವಿಸಿಡಿಗಾಗಿ ಒಂದು ಭಾನುವಾರ ಕಳೆದದ್ದನ್ನು ಮನೆಯಲ್ಲಿ ಇನ್ನೂ ಆಡಿಕೊಳ್ಳುತ್ತಾರೆ.

ದುಡ್ಡಿನ ಲೆಕ್ಕ ಕೇಳಿದರೆ, ದೆವ್ವಗಳನ್ನು ಸಾಕುತ್ತಿರುವುದು ಮದುವೆಗಳು. ಬೀದರ್, ಹುಮನಾಬಾದ್, ಶಹಾಬಾದ್‌ನಿಂದ ತೊಂಬತ್ತರ ದಶಕದ ಮದುವೆ ಕ್ಯಾಸೆಟ್‌ಗಳು ಫೈಲ್ ಮಾಡಿಸಲು ಬರುತ್ತವೆ. ಒಂದಕ್ಕೆ ನಾಲ್ಕು ನೂರು, ಬೂಷ್ಟು ಇದ್ದರೆ ಏಳು ನೂರು. ಸಿನಿಮಾಗಳ ಪ್ರತಿ ಮಾತ್ರ ಯಾರಿಗೂ ಮಾರುವುದಿಲ್ಲ. ನಮ್ಮಲ್ಲಿ ಚಿತ್ರದ ಹಕ್ಕು 60 ವರ್ಷ ನಡೆಯುತ್ತದೆ, ಆ ತಂಟೆ ನನಗೆ ಬೇಡ. ಶುದ್ಧ ಮಾಡಿದ ಮೂಲ ಕ್ಯಾಸೆಟ್ ಎರಡೆರಡಿದ್ದರೆ ಒಂದನ್ನು ಕೊಡುತ್ತೇನೆ. ಹೊದಿಕೆ ಚೆನ್ನಾಗಿದ್ದ ಒಂದಕ್ಕೆ ಮುಂಬೈಯವರೊಬ್ಬರು ನಾಲ್ಕು ಸಾವಿರ ಕೊಟ್ಟರು. ಗುಜರಿಗೆ ಹಾಕು ಎಂದಿದ್ದವರಲ್ಲಿ ಅವರೂ ಒಬ್ಬರು.

ಈ ಬೇಸಿಗೆಗೆ ಡಬ್ಬಿಗಳು ಭರ್ತಿಯಾಗಿವೆ. ಚೀಲದ ತಳದಲ್ಲಿ ಒಂದಿಷ್ಟು ಬೀಟಾಮ್ಯಾಕ್ಸ್ ಎಂಬ ಬೇರೆ ಬಗೆಯ ಕ್ಯಾಸೆಟ್ ಇವೆ, ಓಡಿಸಲು ಯಂತ್ರವಿಲ್ಲ. ಯಾರ ಅಟ್ಟದಲ್ಲಾದರೂ ಆ ಯಂತ್ರ ಇದ್ದರೆ ತಿಳಿಸಿ. ಬೆಲ್ಟ್ ಹರಿದಿದ್ದರೂ ನಡೆಯುತ್ತದೆ, ಹೆಡ್ ಸವೆದಿರಬಾರದು. ಐದು ಸಾವಿರದವರೆಗೆ ಕೊಡುತ್ತೇನೆ, ಅದಕ್ಕಿಂತ ಮೇಲೆ ಒಂದು ಪೈಸೆಯೂ ಇಲ್ಲ.