ಇಟಲಿಯ ಕ್ಯಾಮೆರಾ ದಂಡ ಅಮ್ಮತ್ತಿಯ ಮನೆಗೆ ಬಂದಾಗ

ಕಳೆದ ಆಗಸ್ಟ್‌ನಲ್ಲಿ ಒಂದು ಮಧ್ಯಾಹ್ನ, ಕೊಡಗಿನ ಅಮ್ಮತ್ತಿಯಲ್ಲಿ ಎರಡು ದಿನದಿಂದ ಹೋಗಿದ್ದ ಕರೆಂಟ್ ಬಂದು ಫೋನ್ ಚಾರ್ಜ್ ಆದೊಡನೆ ಬ್ಯಾಂಕಿನ ಎಸ್‌ಎಂಎಸ್ ಕಾಣಿಸಿತು. ನನ್ನ ಕ್ರೆಡಿಟ್ ಕಾರ್ಡಿನಿಂದ ನಾಲ್ಕು ಸಾವಿರಕ್ಕೂ ಹೆಚ್ಚು ರೂಪಾಯಿ ಇಟಲಿಯ ಕಾರು ಬಾಡಿಗೆ ಕಂಪನಿಯೊಂದಕ್ಕೆ ಸಂದಾಯವಾಗಿತ್ತು. ಫ್ಲಾರೆನ್ಸ್‌ನಲ್ಲಿ ನಾವು ಆ ಕಾರನ್ನು ವಾಪಸ್ ಕೊಟ್ಟು ಮೂರು ತಿಂಗಳಾಗಿತ್ತು. ಯಾವುದೋ ದಂಡವಿರಬೇಕು, ಕಟ್ಟಿಯಾಯಿತಲ್ಲ ಎಂದು ಸುಮ್ಮನಾದೆ. ಫೆಬ್ರುವರಿಯಲ್ಲಿ ಕಣದಲ್ಲಿ ರೊಬಸ್ಟಾ ಕಾಫಿ ಹರಡಿಸುತ್ತಿದ್ದಾಗ ಅಂಚೆಯಣ್ಣ ರಿಜಿಸ್ಟರ್ ಪತ್ರವೊಂದಕ್ಕೆ ಸಹಿ ಹಾಕಿಸಿಕೊಂಡು ಹೋದ ಮೇಲೆಯೇ ನಾನು ತಿಳಿದದ್ದು ತಪ್ಪೆಂದು ಗೊತ್ತಾಯಿತು. ಭಾರತದ ಕಾಫಿಯನ್ನು ಅತಿ ಹೆಚ್ಚು ಕೊಳ್ಳುವ ದೇಶ ಇಟಲಿ. ಈ ಸಲ ಅಲ್ಲಿಂದ ಬಂದದ್ದು ನಾನು ತೆರಬೇಕಾದ ಲೆಕ್ಕ.

ಕೊಯ್ಲು ಮುಗಿಸಿ ಏಪ್ರಿಲ್, ಮೇ ತಿಂಗಳಲ್ಲಿ ವಿದೇಶಕ್ಕೆ ಹೋಗಿ, ಅಲ್ಲಿ ತಾವೇ ಕಾರು ಓಡಿಸುವವರು ನಮ್ಮ ಜಿಲ್ಲೆಯಲ್ಲಿ ಈಗ ಸಾಕಷ್ಟಿದ್ದಾರೆ. ಅವರಲ್ಲಿ ಹಲವರಿಗೆ ಇದೇ ಗೊಂದಲವಾಗಿರುವುದರಿಂದ, ಇಂತಹ ದಂಡ ಬಂದಾಗ ಏನು ಮಾಡಬೇಕೆಂಬುದನ್ನು ಕ್ರಮವಾಗಿ ಬರೆಯುತ್ತಿದ್ದೇನೆ.

ಮೊದಲು ಕಡಿತವಾಗುವುದು ದಂಡವಲ್ಲ

ಕ್ಯಾಮೆರಾ ಹಿಡಿಯುವುದು ಕಾರಿನ ನಂಬರ್ ಪ್ಲೇಟನ್ನು. ಪೊಲೀಸರು ಆ ನಂಬರಿನ ಮಾಲೀಕರಾದ ಬಾಡಿಗೆ ಕಂಪನಿಯನ್ನು ಕೇಳುತ್ತಾರೆ. ಕಂಪನಿಯು ಆ ಹೊತ್ತಿನಲ್ಲಿ ಕಾರು ಪಡೆದಿದ್ದವರ ಹೆಸರು, ವಿಳಾಸ ಕೊಟ್ಟು, ಆ ಕೆಲಸಕ್ಕಾಗಿ ನಿಮ್ಮ ಕಾರ್ಡಿನಿಂದ ಶುಲ್ಕ ಹಿಡಿದುಕೊಳ್ಳುತ್ತದೆ. ನೀವು ಸಹಿ ಹಾಕಿದ ಕರಾರು ಪತ್ರದಲ್ಲಿ ಈ ಷರತ್ತು ಸಣ್ಣ ಅಕ್ಷರದಲ್ಲಿ ಇದ್ದೇ ಇರುತ್ತದೆ. ಆದ್ದರಿಂದ ಬ್ಯಾಂಕಿಗೆ ದೂರು ಕೊಟ್ಟು ಆ ಹಣವನ್ನು ವಾಪಸ್ ಪಡೆಯುವ ಪ್ರಯತ್ನ ಹೆಚ್ಚಾಗಿ ಫಲಿಸುವುದಿಲ್ಲ. ಅದರ ಬದಲು ಕರಾರು ಪತ್ರವನ್ನು ಹುಡುಕಿ ತೆಗೆದು, ಕಾರು ಪಡೆದ ಮತ್ತು ಹಿಂದಿರುಗಿಸಿದ ದಿನ, ಗಂಟೆಗಳನ್ನು ಬರೆದಿಟ್ಟುಕೊಳ್ಳಿ. ಶುಲ್ಕ ಯಾವ ಘಟನೆಗೆ ಸಂಬಂಧಿಸಿದ್ದೆಂದು ಕಂಪನಿಗೆ ಇಮೇಲ್ ಬರೆದು ಕೇಳಿ.

ಇದೇ ಸಮಯದಲ್ಲಿ ಕಂಪನಿಗೆ ನೀವು ಕೊಟ್ಟ ವಿಳಾಸವನ್ನೂ ಪರಿಶೀಲಿಸಬೇಕು. ನಮ್ಮಲ್ಲಿ ಲೈಸೆನ್ಸ್‌ನಲ್ಲಿ ಐನ್‌ಮನೆಯ, ಅಂದರೆ ಕುಟುಂಬದ ಮೂಲಮನೆಯ, ವಿಳಾಸವಿದ್ದು, ವಾಸ ಮಾತ್ರ ಮಡಿಕೇರಿಯಲ್ಲೋ ಮೈಸೂರಿನಲ್ಲೋ ಇರುವುದು ಸಾಮಾನ್ಯ. ಪತ್ರ ಹಳೆಯ ವಿಳಾಸಕ್ಕೇ ಬರುತ್ತದೆ.

ಪತ್ರ ಬರುವುದು ಯಾವಾಗ

ವಿದೇಶದಲ್ಲಿ ವಾಸಿಸುವವರಿಗೆ ನೋಟಿಸ್ ಕಳುಹಿಸಲು ಇಟಲಿಯ ಕಾನೂನು 360 ದಿನಗಳ ಅವಕಾಶ ಕೊಡುತ್ತದೆ. ಬಾಡಿಗೆ ಕಾರಿನ ವಿಷಯದಲ್ಲಿ ಈ ಲೆಕ್ಕವನ್ನು ಸಾಮಾನ್ಯವಾಗಿ ಕಾರು ಯಾರ ಕೈಯಲ್ಲಿತ್ತೆಂದು ಪೊಲೀಸರಿಗೆ ತಿಳಿದ ದಿನದಿಂದ ಹಿಡಿಯುವುದರಿಂದ, ಪ್ರವಾಸ ಮುಗಿದು ವರ್ಷ ಕಳೆದ ಮೇಲೂ ಪತ್ರ ಬರಬಹುದು.

ನನ್ನ ತಪ್ಪು ವೇಗದ್ದಾಗಿರಲಿಲ್ಲ. ಇಟಲಿಯ ಹಳೆಯ ಊರುಗಳ ನಡುಭಾಗಕ್ಕೆ, ಗೊತ್ತುಪಡಿಸಿದ ಸಮಯದಲ್ಲಿ, ಅನುಮತಿಯಿಲ್ಲದ ವಾಹನಗಳು ಹೋಗುವಂತಿಲ್ಲ. ಈ ನಿರ್ಬಂಧಿತ ಪ್ರದೇಶಕ್ಕೆ ಅಲ್ಲಿ ಝಡ್‌ಟಿಎಲ್ ಎನ್ನುತ್ತಾರೆ. ನಮ್ಮ ಕೇರಳ ಗಡಿಯ ಕುಟ್ಟ, ಮಾಕುಟ್ಟದ ಚೆಕ್‌ಪೋಸ್ಟ್‌ಗಳಲ್ಲಾದರೆ ಕೈ ತೋರಿಸಿ ನಿಲ್ಲಿಸುವವರಿದ್ದಾರೆ. ಇಟಲಿಯಲ್ಲಿ ಗೇಟೂ ಇಲ್ಲ, ಪೊಲೀಸರೂ ಇಲ್ಲ, ಕೆಂಪು ಅಂಚಿನ ಬಿಳಿ ದುಂಡು ಫಲಕ ಮತ್ತು ಒಂದು ಕ್ಯಾಮೆರಾ ಮಾತ್ರ. ಪಕ್ಕದ ಎಲೆಕ್ಟ್ರಾನಿಕ್ ಫಲಕದಲ್ಲಿ ‘ವಾರ್ಕೊ ಅಟ್ಟಿವೊ’ ಎಂದಿದ್ದರೆ ನಿರ್ಬಂಧ ಜಾರಿಯಲ್ಲಿದೆ ಎಂದರ್ಥ. ‘ಅಟ್ಟಿವೊ’ ಎಂದರೆ ತೆರೆದಿದೆ ಎಂದು ಭಾವಿಸಿ ಒಳನುಗ್ಗಿದವರಲ್ಲಿ ನಾನೂ ಒಬ್ಬ.

ಪತ್ರವನ್ನು ಓದುವ ಬಗೆ

ಪತ್ರ ಕೈಸೇರಿದ ದಿನಾಂಕವನ್ನು ಲಕೋಟೆಯ ಮೇಲೆಯೇ ಬರೆಯಿರಿ, ಏಕೆಂದರೆ ಗಡುವುಗಳೆಲ್ಲ ಅಲ್ಲಿಂದ ಶುರುವಾಗುತ್ತವೆ. ನಂತರ ಕಾರಿನ ನಂಬರ್, ಸ್ಥಳ, ದಿನ, ಗಂಟೆಗಳನ್ನು ಕರಾರು ಪತ್ರದೊಂದಿಗೆ ತಾಳೆ ನೋಡಿ. ಝಡ್‌ಟಿಎಲ್ ಪ್ರವೇಶಕ್ಕೆ ಕನಿಷ್ಠ ದಂಡ 83 ಯೂರೊ. 5 ದಿನಗಳೊಳಗೆ ಕಟ್ಟಿದರೆ ಶೇ 30ರಷ್ಟು ಕಡಿಮೆಯಾಗಿ 58.10 ಯೂರೊ ಆಗುತ್ತದೆ. 60 ದಿನ ದಾಟಿದರೆ 166ಕ್ಕೆ ಏರುತ್ತದೆ. ಅಂಚೆ ವೆಚ್ಚ ಇದಕ್ಕೆ ಸೇರುತ್ತದೆ. 2023ರ ಫೆಬ್ರುವರಿಯಲ್ಲಿ ಕರ್ನಾಟಕ ಸರ್ಕಾರ ಬಾಕಿ ಇ-ಚಲನ್‌ಗಳಿಗೆ ಶೇ 50ರ ರಿಯಾಯಿತಿ ಕೊಟ್ಟ ಮೇಲೆ, ಕಾದರೆ ಕಡಿಮೆಯಾಗುತ್ತದೆ ಎಂಬ ಅಭ್ಯಾಸ ನಮಗೆ ಬಿದ್ದುಬಿಟ್ಟಿದೆ. ಅಲ್ಲಿ ಕಾದಷ್ಟೂ ಹೆಚ್ಚು.

ಕಾರು ವಾಪಸ್ ಕೊಟ್ಟ ನಂತರದ ಗಂಟೆ ನಮೂದಾಗಿದ್ದರೆ, ನಂಬರ್ ತಪ್ಪಾಗಿದ್ದರೆ, ಅಥವಾ ಹೋಟೆಲಿನವರು ನಿಮ್ಮ ಕಾರಿನ ನಂಬರನ್ನು ಅನುಮತಿಗಾಗಿ ನೋಂದಾಯಿಸಿದ್ದ ದಾಖಲೆಯಿದ್ದರೆ ಮೇಲ್ಮನವಿ ಸಲ್ಲಿಸಬಹುದು. ‘ಪ್ರಿಫೆಟ್ಟೊ’ ಎಂಬ ಅಧಿಕಾರಿಗೆ 60 ದಿನಗಳೊಳಗೆ ಶುಲ್ಕವಿಲ್ಲದೆ ಬರೆಯಬಹುದಾದರೂ, ಸೋತರೆ ದಂಡ ಕನಿಷ್ಠ ಇಮ್ಮಡಿಯಾಗುತ್ತದೆ. ಸ್ಥಳೀಯ ನ್ಯಾಯಾಧೀಶರ ಮುಂದೆ ಹೋಗಲು ಶುಲ್ಕವೇ 43 ಯೂರೊ. ಒಮ್ಮೆ ದಂಡ ಕಟ್ಟಿದರೆ ಮೇಲ್ಮನವಿಯ ಹಕ್ಕು ಹೋಗುತ್ತದೆ. ಫಲಕ ಅರ್ಥವಾಗಲಿಲ್ಲ ಎಂಬುದಷ್ಟೇ ನಿಮ್ಮ ವಾದವಾದರೆ, ನನ್ನ ಅಭಿಪ್ರಾಯದಲ್ಲಿ, ಐದು ದಿನದೊಳಗೆ ಕಟ್ಟಿ ಮುಗಿಸುವುದೇ ಲೇಸು.

ಕಟ್ಟುವುದು ಹೇಗೆ

ಪತ್ರದಲ್ಲಿ ಮುದ್ರಿತವಾಗಿರುವ ವೆಬ್ ವಿಳಾಸವನ್ನು ನೀವೇ ಟೈಪ್ ಮಾಡಿ. ವಾಟ್ಸ್‌ಆ್ಯಪ್‌ನಲ್ಲಿ ಬರುವ ಚಲನ್ ಲಿಂಕ್‌ಗಳನ್ನು ಒತ್ತಬೇಡಿ. ನಮ್ಮ ಕಾರ್ಡ್‌ಗಳಲ್ಲಿ ವಿದೇಶಿ ಪಾವತಿ ಸೌಲಭ್ಯವನ್ನು ನಾವೇ ಚಾಲೂ ಮಾಡಬೇಕಾಗುತ್ತದೆ. ಬ್ಯಾಂಕ್ ಆ್ಯಪ್‌ನಲ್ಲಿ ಅದನ್ನು ಮಾಡಿ, ಕೆಲಸ ಮುಗಿದ ಮೇಲೆ ಮತ್ತೆ ನಿಲ್ಲಿಸಿ. ಕಾರ್ಡ್ ನಡೆಯದಿದ್ದರೆ ಬ್ಯಾಂಕ್ ಶಾಖೆಗೆ ಹೋಗಿ ವಿದೇಶಕ್ಕೆ ಹಣ ಕಳುಹಿಸುವ ಎ2 ಅರ್ಜಿ ತುಂಬಿ ಹಣ ಕಳುಹಿಸಬಹುದು. ಆಗ ಎಲ್ಲ ಬ್ಯಾಂಕ್ ಶುಲ್ಕವೂ ಕಳುಹಿಸುವವರದ್ದೇ ಎಂದು ನಮೂದಿಸಬೇಕು; ಇಲ್ಲವಾದರೆ ನಡುವಿನ ಬ್ಯಾಂಕ್ ಕೆಲವು ಯೂರೊ ಮುರಿದುಕೊಂಡು, ಅಲ್ಲಿ ನಿಮ್ಮ ದಂಡ ಅರೆಬರೆ ಪಾವತಿಯೆಂದು ದಾಖಲಾಗುತ್ತದೆ. ನೋಟಿಸ್ ಸಂಖ್ಯೆ ಮತ್ತು ಕಾರಿನ ನಂಬರ್ ಬರೆಯುವುದನ್ನು ಮರೆಯಬೇಡಿ.

ಬೇರೆ ದೇಶಗಳಲ್ಲಿ ಕ್ರಮ ಬೇರೆ. ಬ್ರಿಟನ್ನಿನಲ್ಲಿ ವೇಗ ಮಿತಿ ಮೀರಿದರೆ, ಓಡಿಸಿದವರು ಯಾರೆಂದು ಕೇಳುವ ಪತ್ರಕ್ಕೆ 28 ದಿನಗಳೊಳಗೆ ಉತ್ತರಿಸಬೇಕು. ಉತ್ತರಿಸದಿರುವುದೇ ಇನ್ನೊಂದು ಅಪರಾಧ. ಸ್ವಿಟ್ಜರ್ಲೆಂಡಿನ ಊರೊಳಗೆ, ಯಂತ್ರದ ಅಳತೆಯ ದೋಷಕ್ಕೆಂದು ಬಿಡುವ ರಿಯಾಯಿತಿ ಕಳೆದ ಮೇಲೂ, ಗಂಟೆಗೆ 1ರಿಂದ 5 ಕಿ.ಮೀ. ಹೆಚ್ಚಾದರೆ 40 ಫ್ರಾಂಕ್. ದುಬೈಯಲ್ಲಿ ಪತ್ರದ ತಾಪತ್ರಯವೇ ಇಲ್ಲ, ದಂಡ ನೇರವಾಗಿ ನಿಮ್ಮ ಠೇವಣಿಯಿಂದ ಕಡಿತವಾಗುತ್ತದೆ.

ಇಟಲಿಯಲ್ಲಿ ಇಂತಹ ದಂಡದ ವಸೂಲಿಗೆ 5 ವರ್ಷಗಳ ಕಾಲಾವಕಾಶವಿರುವುದರಿಂದ, ಪಾವತಿಯ ರಸೀದಿಯನ್ನು ಅಷ್ಟು ಕಾಲ ಇಟ್ಟುಕೊಳ್ಳಬೇಕು. ನನ್ನದು ಕಾಫಿ ಸಂಸ್ಕರಿಸುವ ಕ್ಯೂರಿಂಗ್ ವರ್ಕ್ಸ್‌ನ ಚೀಟಿಗಳಿರುವ ಫೈಲಿನಲ್ಲೇ ಇದೆ.