ಪಟ್ ಎಣಿಸೋದು ಬಿಟ್ಟು ದೂರ ಬರೆದಿಟ್ಟೆ: ಗಾಲ್ಫ್ ಸ್ಕೋರ್ ಇಳಿಸಿಕೊಂಡ ನನ್ನ ಅನುಭವ

ಗಾಲ್ಫ್ ಆಡುವವರನ್ನು ಸ್ಕೋರ್ (18 ಹೋಲ್‌ಗೆ ಹೊಡೆದ ಒಟ್ಟು ಹೊಡೆತ, ಕಮ್ಮಿ ಆದಷ್ಟೂ ಒಳ್ಳೆಯದು) ಎಷ್ಟು ಅಂತ ಕೇಳಿದರೆ 94 ಅಂತಲೋ 88 ಅಂತಲೋ ಥಟ್ಟನೆ ಹೇಳುತ್ತಾರೆ. ಆ 94 ಹೇಗಾಯ್ತು ಅಂತ ಕೇಳಿದರೆ "ಇವತ್ತು ಪಟ್ಟಿಂಗ್ ಕೈಕೊಟ್ಟಿತು" (ಗುಂಡಿಯ ಹತ್ತಿರ ಚೆಂಡನ್ನು ತಟ್ಟಿ ಉರುಳಿಸೋದು ಪಟ್ಟಿಂಗ್) ಅನ್ನುವವರೇ ಜಾಸ್ತಿ. ತಿಂಗಳ ಕೊನೆಗೆ ಸಂಬಳ ಖಾಲಿ ಆಗಿದ್ದು ಗೊತ್ತು, ಯಾವುದಕ್ಕೆ ಹೋಯ್ತು ಅಂತ ಬರೆದಿಟ್ಟಿಲ್ಲ, ಹಾಗೆ ಇದು. ನಾನು ಬೆಂಗಳೂರಿನಲ್ಲಿ ವಾರಾಂತ್ಯಕ್ಕೆ ಆಡುವವನು. ನನ್ನ ಹ್ಯಾಂಡಿಕ್ಯಾಪ್ (ಆಟಗಾರನ ಮಟ್ಟ ತೋರಿಸುವ ಸಂಖ್ಯೆ, ಕಮ್ಮಿ ಇದ್ದಷ್ಟೂ ಒಳ್ಳೆಯದು) ಬಹಳ ವರ್ಷ 20ರ ಆಸುಪಾಸಿನಲ್ಲೇ ನಿಂತಿತ್ತು. ಈಗ 13ರ ಹತ್ತಿರ ಇದೆ. ಸ್ವಿಂಗ್ ಹೆಚ್ಚುಕಮ್ಮಿ ಅದೇ, ಬ್ಯಾಗಿನಲ್ಲಿರುವ ಕ್ಲಬ್‌ಗಳೂ ಅವೇ. ಬದಲಾಗಿದ್ದು ಆಟದ ಲೆಕ್ಕ ಇಡುವ ರೀತಿ. ಅದನ್ನೇ ಇಲ್ಲಿ ಹೇಳ್ತೀನಿ.

ಮೊದಲು ಎಲ್ಲರ ಹಾಗೆ ಮೂರು ವಿಷಯ ಬರೆದುಕೊಳ್ಳುತ್ತಿದ್ದೆ. ಟೀ ಶಾಟ್ ಅಂದ್ರೆ ಹೋಲ್‌ನ ಮೊದಲ ಹೊಡೆತ ಫೇರ್‌ವೇಗೆ (ಕತ್ತರಿಸಿದ ಹುಲ್ಲಿನ ದಾರಿಗೆ) ಬಿತ್ತಾ, ಗುಂಡಿ ಇರುವ ನುಣುಪು ಹುಲ್ಲಿನ ಗ್ರೀನ್‌ಗೆ ಲೆಕ್ಕದ ಹೊಡೆತದೊಳಗೆ ತಲುಪಿದೆನಾ, ಪಟ್ ಎಷ್ಟು. ಸ್ಕೋರ್‌ಕಾರ್ಡಿನ ಮೂಲೆಯಲ್ಲಿ ಟಿಕ್ ಹಾಕಿದರೆ ಮುಗೀತು. ಈ ಮೂರರಲ್ಲಿ ಪಟ್ ಎಣಿಕೆಯೇ ಅತಿ ಹೆಚ್ಚು ದಾರಿ ತಪ್ಪಿಸುತ್ತದೆ. ಒಂದು ದಿನ ಗ್ರೀನ್ ಒಂದೂ ಸಿಗಲಿಲ್ಲ, ಪ್ರತಿ ಸಲ ಅಂಚಿನಿಂದ ಚಿಪ್ ಮಾಡಿ (ಗಿಡ್ಡ ಹೊಡೆತ ಹೊಡೆದು) ನಾಲ್ಕೈದು ಅಡಿಗೆ ತಂದಿಟ್ಟೆ ಅಂದುಕೊಳ್ಳಿ. ಪಟ್ ಸಂಖ್ಯೆ 28ಕ್ಕೆ ಇಳಿದರೂ ಇಳಿಯಿತು. ಇನ್ನೊಂದು ದಿನ ಅರ್ಧದಷ್ಟು ಗ್ರೀನ್ ಸಿಕ್ಕಿತು, ಆದರೆ ಚೆಂಡು ನಿಂತಿದ್ದು ಪಿನ್‌ನಿಂದ (ಗುಂಡಿಯಲ್ಲಿ ನೆಟ್ಟ ಕೋಲಿನಿಂದ) 35, 40 ಅಡಿ ದೂರ. ಪಟ್ 35 ಆಗುತ್ತದೆ. ಎರಡನೇ ದಿನದ ಆಟವೇ ಒಳ್ಳೆಯ ಆಟ, ಸ್ಕೋರೂ ಕಡಿಮೆ. ಕಾರ್ಡಿನ ಪಟ್ ಕಾಲಂ ನೋಡಿದವರು ಮಾತ್ರ ಪಟ್ಟಿಂಗ್ ಕೆಟ್ಟಿದೆ ಅಂತ ಪ್ರಾಕ್ಟೀಸ್ ಗ್ರೀನ್‌ಗೆ ಓಡುತ್ತಾರೆ.

ಟೋಕಿಯೋ ಒಲಿಂಪಿಕ್ಸ್ ಆದಾಗ ಇದನ್ನು ಕಣ್ಣಾರೆ ಕಂಡೆ. ನಮ್ಮ ಬೆಂಗಳೂರಿನ ಹುಡುಗಿ ಅದಿತಿ ಅಶೋಕ್, ಕರ್ನಾಟಕ ಗಾಲ್ಫ್ ಅಸೋಸಿಯೇಷನ್ ಕೋರ್ಸಿನಲ್ಲಿ ಆಟ ಕಲಿತವರು, 2021ರ ಆಗಸ್ಟ್‌ನಲ್ಲಿ ನಾಲ್ಕನೇ ಸ್ಥಾನಕ್ಕೆ ಬಂದರು. ಗಾಲ್ಫ್ ಅಂದ್ರೆ ಏನು ಅಂತ ಗೊತ್ತಿಲ್ಲದ ಮನೆಗಳಲ್ಲೂ ಆ ಶನಿವಾರ ಬೆಳಿಗ್ಗೆ ಟಿವಿ ಆನ್ ಆಗಿತ್ತು. ದೂರ ಹೊಡೆಯುವುದರಲ್ಲಿ ಅವರು ಅಲ್ಲಿದ್ದವರ ಪೈಕಿ ಹಿಂದಿನ ಸಾಲಿನವರು. ಪಟರ್ ಹಿಡಿದರೆ ಮಾತ್ರ ಅವರಿಗೆ ಸಾಟಿ ಇರಲಿಲ್ಲ. ಅದಾದ ಮೇಲೆ ನಮ್ಮಲ್ಲಿ ಎಲ್ಲರ ಬಾಯಲ್ಲೂ ಪಟ್ಟಿಂಗ್ ಮಾತೇ. ಆದರೆ ಅವರ ಆಟದ ಬಲ ಎಲ್ಲಿದೆ ಅನ್ನೋದು ಅವರ ಅಂಕಿಅಂಶ. ನನ್ನ ಹೊಡೆತ ಎಲ್ಲಿ ಸೋರುತ್ತಿದೆ ಅಂತ ತಿಳಿಯಲು ನನ್ನದೇ ಅಂಕಿಅಂಶ ಬೇಕು, ಅಲ್ವಾ?

ಹಾಗಾಗಿ ಬೇರೆ ರೀತಿ ಬರೆಯಲು ಶುರು ಮಾಡಿದೆ. ಪ್ರತಿ ಹೊಡೆತಕ್ಕೂ ಮುಂಚೆ ಎರಡೇ ವಿಷಯ: ಪಿನ್‌ಗೆ ಇನ್ನೆಷ್ಟು ದೂರ, ಚೆಂಡು ಎಲ್ಲಿ ಕೂತಿದೆ. ಫೇರ್‌ವೇ ಆದರೆ ಫೇ, ರಫ್ (ಉದ್ದ ಹುಲ್ಲು) ಆದರೆ ರ, ಬಂಕರ್ (ಮರಳಿನ ಹಳ್ಳ) ಆದರೆ ಬ. ಗ್ರೀನ್ ಮೇಲಿದ್ದರೆ ಹೆಜ್ಜೆ ಎಣಿಸಿ ಅಡಿಯಲ್ಲಿ ಬರೆಯುವುದು. ಜೇಬಿನಲ್ಲಿ ಹಿಡಿಸುವ ಚಿಕ್ಕ ಪುಸ್ತಕ, ಗಿಡ್ಡ ಪೆನ್ಸಿಲ್, ಅಷ್ಟೇ. ಆಟ ನಿಧಾನ ಆಗುವುದಿಲ್ಲ. ದೂರವನ್ನು ಹೇಗೂ ನೋಡಿಯೇ ನೋಡುತ್ತೇವೆ, ಬರೆಯೋಕೆ ಎರಡು ಸೆಕೆಂಡ್ ಸಾಕು.

ಹೀಗೆ ಬರೆದರೆ ಏನು ಸಿಗುತ್ತದೆ? ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯದ ಪ್ರೊಫೆಸರ್ ಮಾರ್ಕ್ ಬ್ರೋಡಿ ಕಟ್ಟಿದ ಒಂದು ಲೆಕ್ಕಾಚಾರ ಇದೆ. ಅದಕ್ಕೆ ಸ್ಟ್ರೋಕ್ಸ್ ಗೇನ್ಡ್ ಅಂತಾರೆ. ಅಮೆರಿಕದ ವೃತ್ತಿಪರರು (ಪ್ರೊಗಳು) ಆಡುವ ಪಿಜಿಎ ಟೂರ್‌ನಲ್ಲಿ ಪ್ರತಿ ಹೊಡೆತದ ದೂರವನ್ನು ಲೇಸರ್ ಇಟ್ಟು ಅಳೆಯುತ್ತಿದ್ದರು. ಆ ರಾಶಿ ಮಾಹಿತಿಯಿಂದ, ಇಷ್ಟು ದೂರದಿಂದ ಒಬ್ಬ ಪ್ರೊ ಸರಾಸರಿ ಎಷ್ಟು ಹೊಡೆತದಲ್ಲಿ ಚೆಂಡನ್ನು ಗುಂಡಿಗೆ ಹಾಕುತ್ತಾನೆ ಅನ್ನುವ ಪಟ್ಟಿ ಸಿದ್ಧವಾಯಿತು. 2011ರಲ್ಲಿ ಟೂರ್ ಇದನ್ನು ಮೊದಲು ಪಟ್ಟಿಂಗ್‌ಗೆ ಅಧಿಕೃತವಾಗಿ ಬಳಸಿತು. ಆಮೇಲೆ ಉಳಿದ ಹೊಡೆತಗಳಿಗೂ ಬಂತು. 8 ಅಡಿಯಿಂದ ಪ್ರೊಗಳ ಸರಾಸರಿ 1.5. ಅಂದ್ರೆ ಟಿವಿಯಲ್ಲಿ ಕಾಣುವ ಆ ದೊಡ್ಡ ಆಟಗಾರರೂ 8 ಅಡಿಯ ಪಟ್‌ಗಳಲ್ಲಿ ಅರ್ಧವನ್ನು ಮಿಸ್ ಮಾಡುತ್ತಾರೆ. ಇದನ್ನು ತಿಳಿದ ದಿನ ನನ್ನ ತಲೆಯಿಂದ ದೊಡ್ಡ ಭಾರ ಇಳಿಯಿತು.

ಒಂದು ಹೋಲ್ ತೆಗೆದುಕೊಂಡು ತೋರಿಸ್ತೀನಿ. ನನ್ನ ಪುಸ್ತಕದಲ್ಲಿ ಮತ್ತೆ ಮತ್ತೆ ಕಾಣುವ ಥರದ್ದು. 360 ಯಾರ್ಡ್ ಪಾರ್ 4, ಅಂದ್ರೆ ನಾಲ್ಕು ಹೊಡೆತದಲ್ಲಿ ಮುಗಿಸಬೇಕಾದ ಹೋಲ್. ಟೀ ಶಾಟ್ 200 ಯಾರ್ಡ್ ಹೋಗಿ ಫೇರ್‌ವೇಯಲ್ಲಿ ನಿಂತಿತು. ಪಿನ್‌ಗೆ ಇನ್ನು 160. ಎರಡನೇ ಹೊಡೆತ ಗ್ರೀನ್ ಮುಟ್ಟದೆ ಪಿನ್‌ಗೆ 20 ಯಾರ್ಡ್ ಮುಂಚೆ ರಫ್‌ನಲ್ಲಿ ಬಿತ್ತು. ಚಿಪ್ ಮಾಡಿದ್ದು 8 ಅಡಿಗೆ ಬಂತು. ಪಟ್ ಅಂಚು ಸವರಿ ಹೊರಗೆ ಹೋಯಿತು. ಇನ್ನೊಂದು ತಟ್ಟಿದೆ. 5, ಅಂದ್ರೆ ಪಾರ್‌ಗಿಂತ ಒಂದು ಜಾಸ್ತಿ, ಬೋಗಿ. ಹಳೆಯ ಕಾರ್ಡಿನಲ್ಲಿ ಇದು ಹೀಗೆ ಇರುತ್ತಿತ್ತು: ಫೇರ್‌ವೇ ಸಿಕ್ಕಿತು, ಗ್ರೀನ್ ಸಿಗಲಿಲ್ಲ, ಎರಡು ಪಟ್. ಮನೆಗೆ ಹೋಗುವಾಗ ನೆನಪಿನಲ್ಲಿ ಉಳಿಯುವುದು ಅಂಚು ಸವರಿದ ಆ ಪಟ್.

ಈಗ ಲೆಕ್ಕ. 360 ಯಾರ್ಡ್ ಟೀಯಿಂದ ಪ್ರೊ ಸರಾಸರಿ 3.92. ಫೇರ್‌ವೇಯಲ್ಲಿ 160ರಿಂದ 2.98. ಮೊದಲ ಹೊಡೆತಕ್ಕೆ 3.92ರಿಂದ 2.98 ಕಳೆದು, ಹೊಡೆದ ಒಂದನ್ನೂ ಕಳೆದರೆ ಮೈನಸ್ 0.06. ಪ್ರೊ ಜೊತೆ ಹೋಲಿಸಿದರೂ ಹೆಚ್ಚೇನೂ ಕಳೆದುಕೊಂಡಿಲ್ಲ. ರಫ್‌ನಲ್ಲಿ 20 ಯಾರ್ಡ್‌ನಿಂದ ಸರಾಸರಿ 2.59. ಹಾಗಾದರೆ ಎರಡನೇ ಹೊಡೆತದಲ್ಲಿ 0.61 ಹೋಯಿತು. ಚಿಪ್ 8 ಅಡಿಗೆ ಬಂದಿದ್ದು 0.09 ಲಾಭ. ಪಟ್ ಮಿಸ್ ಆಗಿದ್ದು 0.50 ನಷ್ಟ. ಎಲ್ಲ ಸೇರಿದರೆ 1.08. ಆ ಹೋಲ್‌ನಲ್ಲಿ ಅತಿ ದುಬಾರಿಯಾಗಿದ್ದು ಪಟ್ ಅಲ್ಲ, 160ರಿಂದ ಹೊಡೆದ ಆ ಐರನ್ ಶಾಟ್. ಅದು ನೋಡಲು ಕೆಟ್ಟ ಹೊಡೆತ ಆಗಿರಲಿಲ್ಲ. ನೇರವಾಗಿ ಹೋಯಿತು, ಜೊತೆಗಿದ್ದವರು "ಒಳ್ಳೆ ಶಾಟ್, ಸ್ವಲ್ಪ ಶಾರ್ಟ್ ಅಷ್ಟೇ" ಅಂದರು. ಆ "ಸ್ವಲ್ಪ ಶಾರ್ಟ್"ನ ಬೆಲೆ ಅರ್ಧ ಹೊಡೆತಕ್ಕಿಂತ ಜಾಸ್ತಿ.

ಹತ್ತಾರು ರೌಂಡ್‌ನ ಹಾಳೆಗಳನ್ನು ಒಟ್ಟಿಗೆ ಹರಡಿಕೊಂಡು ಕೂತಾಗ ಎರಡು ವಿಷಯ ಎದ್ದು ಕಂಡವು.

ಮೊದಲನೆಯದು ಇದೇ. 120ರಿಂದ 170 ಯಾರ್ಡ್ ನಡುವಿನ ಹೊಡೆತಗಳು. ಮಿಸ್ ಆದದ್ದರಲ್ಲಿ ಎಡಕ್ಕೆ ಬಲಕ್ಕೆ ಹೋದವು ಕಮ್ಮಿ, ಮುಂದೆ ಹೋದವು ತೀರಾ ಕಮ್ಮಿ. ಬಹುಪಾಲು ಶಾರ್ಟ್. ನನ್ನ 7 ಐರನ್ (ಕ್ಲಬ್‌ನ ಸಂಖ್ಯೆ ಕಮ್ಮಿ ಆದಷ್ಟೂ ಚೆಂಡು ದೂರ ಹೋಗುತ್ತದೆ) 150 ಹೋಗುತ್ತೆ ಅನ್ನೋದು ಪ್ರಾಕ್ಟೀಸ್ ರೇಂಜ್‌ನಲ್ಲಿ ಚೆನ್ನಾಗಿ ಸಿಕ್ಕಿದ ಒಂದು ಹೊಡೆತದ ಲೆಕ್ಕ. ಕೋರ್ಸಿನಲ್ಲಿ ಬರೆದಿಟ್ಟ ದೂರಗಳನ್ನು ಸಾಲಾಗಿ ಜೋಡಿಸಿ ನಡುವಿನದನ್ನು ತೆಗೆದರೆ ಅದು 138. ಸರಾಸರಿ ಬೇಡ, ನಡುವಿನ ಸಂಖ್ಯೆ ನೋಡಿ. ನೆಲಕ್ಕೆ ಬಡಿದು 40 ಯಾರ್ಡ್ ಹೋದ ಒಂದು ಹೊಡೆತ ಸರಾಸರಿಯನ್ನೇ ಕೆಡಿಸಿಬಿಡುತ್ತದೆ.

ಇದನ್ನು ಸರಿಮಾಡಲು ಸ್ವಿಂಗ್ ಮುಟ್ಟಬೇಕಾಗಿಯೇ ಇಲ್ಲ. ಪಿನ್ ಎಲ್ಲೇ ಇರಲಿ, ಗ್ರೀನ್‌ನ ನಡುವಿಗೆ ಎಷ್ಟು ದೂರ ಅಂತ ಕೇಳಿ, ಆ ದೂರಕ್ಕೆ ನನ್ನ ನಿಜವಾದ ಸಂಖ್ಯೆಯ ಕ್ಲಬ್ ತೆಗೆಯಲು ಶುರು ಮಾಡಿದೆ. ನನ್ನ ಜೊತೆ ಬ್ಯಾಗ್ ಹಿಡಿದು ಬರುವ ಕ್ಯಾಡಿ ಅಣ್ಣ ಆ ಕೋರ್ಸಿನಲ್ಲೇ ಬೆಳೆದವರು. ಮೊದಲ ದಿನ 7 ಐರನ್ ಕೈಗೆ ಕೊಡಲು ಬಂದವರಿಗೆ "ಅಣ್ಣ, ಪುಸ್ತಕ 6 ಅಂತಿದೆ" ಅಂದೆ. ಅವರು ಪುಸ್ತಕ ಇಸಕೊಂಡು ಹಾಳೆ ತಿರುಗಿಸಿ ನೋಡಿದರು. "ಸರ್, ಮಳೆಗಾಲದ್ದು ಬೇರೆ ಬರೀರಿ. ಆಗ ಚೆಂಡು ಬಿದ್ದಲ್ಲೇ ಕೂರುತ್ತೆ" ಅಂದರು. ಎಂಥ ಸರಿಯಾದ ಮಾತು! ಜೂನ್‌ನಿಂದ ಫೇರ್‌ವೇ ಒದ್ದೆ, ಉರುಳೋದು ನಿಂತುಹೋಗುತ್ತದೆ. ಫೆಬ್ರವರಿಯಲ್ಲಿ 200 ಹೋಗುವ ಟೀ ಶಾಟ್ ಆಗಸ್ಟ್‌ನಲ್ಲಿ ಹೋಗಲ್ಲ. ಅವತ್ತಿನಿಂದ ಚೆಂಡು ಗಾಳಿಯಲ್ಲಿ ಹೋದ ದೂರವನ್ನೂ, ನಿಂತ ದೂರವನ್ನೂ ಆದಷ್ಟು ಬೇರೆ ಬರೆಯುತ್ತೇನೆ. ಇದೇ ಥರ ಇನ್ನೊಂದು: ಬೆಂಗಳೂರು ಸಮುದ್ರಮಟ್ಟಕ್ಕಿಂತ ಸುಮಾರು 900 ಮೀಟರ್ ಎತ್ತರದಲ್ಲಿದೆ. ತೆಳು ಗಾಳಿಯಲ್ಲಿ ಚೆಂಡು ಸ್ವಲ್ಪ ಜಾಸ್ತಿ ಹೋಗುತ್ತದೆ. ಚೆನ್ನೈಗೋ ಮಂಗಳೂರಿಗೋ ಆಡಲು ಹೋದರೆ ಅದೇ 7 ಐರನ್ ಅರ್ಧ ಕ್ಲಬ್‌ನಷ್ಟು ಕಮ್ಮಿ ಹೋದರೂ ಗಾಬರಿ ಬೀಳಬೇಡಿ.

ಎರಡನೆಯದು ದೊಡ್ಡ ಸಂಖ್ಯೆಗಳು. 7, 8 ಆದ ಹೋಲ್‌ಗಳು. ಅವುಗಳಲ್ಲಿ ಹೆಚ್ಚಿನವಕ್ಕೆ ಕಾರಣ ಟೀ ಶಾಟ್ ಓಬಿ (ಕೋರ್ಸಿನ ಗಡಿಯಾಚೆ) ಹೋಗಿದ್ದು. ನಮ್ಮೂರಿನ ಕೋರ್ಸ್‌ಗಳಲ್ಲಿ ಇದು ದೊಡ್ಡ ವಿಷಯ. 1876ರಿಂದ ಇರುವ ಬೆಂಗಳೂರು ಗಾಲ್ಫ್ ಕ್ಲಬ್ ಕೋರ್ಸ್ ಊರಿನ ನಟ್ಟನಡುವೆ ಇದೆ. ಅಂಥ ಕಡೆ ಉದ್ದಕ್ಕಿಂತ ನೇರವಾಗಿ ಹೋಗೋದು ಮುಖ್ಯ.

ಅತಿ ದೂರ ಹೊಡೆಯುವ ಕ್ಲಬ್ ಆದ ಡ್ರೈವರ್ ತೆಗೀಬೇಕಾ, ಅದಕ್ಕಿಂತ ಗಿಡ್ಡದಾದ 5 ವುಡ್ ಸಾಕಾ ಅನ್ನುವ ಜಗಳಕ್ಕೂ ಲೆಕ್ಕ ಇದೆ. ಡ್ರೈವರ್‌ನಿಂದ ನನಗೆ 20 ಯಾರ್ಡ್ ಜಾಸ್ತಿ ಸಿಗುತ್ತದೆ. ಫೇರ್‌ವೇಯಲ್ಲಿ 180ರಿಂದ ಪ್ರೊ ಸರಾಸರಿ 3.08, 160ರಿಂದ 2.98. ಅಂದರೆ 20 ಯಾರ್ಡ್‌ನ ಲಾಭ ಒಂದು ಹೊಡೆತದ ಹತ್ತನೇ ಒಂದು ಭಾಗ. ಓಬಿ ಹೋದರೆ ದಂಡವೂ ಬಿತ್ತು, ಮತ್ತೆ ಟೀಯಿಂದಲೇ ಹೊಡೆಯಬೇಕು, ಪೂರ್ತಿ ಎರಡು ಹೊಡೆತ ನಷ್ಟ. 20 ಸಲದಲ್ಲಿ ಡ್ರೈವರ್ ಒಂದೇ ಒಂದು ಸಲ ಜಾಸ್ತಿ ಹೊರಗೆ ಹೋದರೂ ಲಾಭ ಅಷ್ಟೂ ಚುಕ್ತಾ. ನಮ್ಮಂಥವರಿಗೆ 20 ಯಾರ್ಡ್‌ನ ಬೆಲೆ ಪ್ರೊಗಿಂತ ಇನ್ನೂ ಸ್ವಲ್ಪ ಜಾಸ್ತಿ ಇರಬಹುದು, ಆದರೂ ಓಬಿ ಎದುರು ಅದು ನಿಲ್ಲಲ್ಲ. ಹಾಗಂತ ಡ್ರೈವರ್ ಮನೆಯಲ್ಲಿ ಬಿಟ್ಟು ಬನ್ನಿ ಅಂತ ನಾನು ಹೇಳಲ್ಲ. ಅಗಲ ಇರುವ ಹೋಲ್‌ನಲ್ಲಿ ಖಂಡಿತ ಅದನ್ನೇ ತೆಗೀಬೇಕು. ಬ್ರೋಡಿ ಲೆಕ್ಕದಲ್ಲೂ ಒಳ್ಳೆಯ ಆಟಗಾರರಿಗೂ ಉಳಿದವರಿಗೂ ಇರುವ ಅಂತರದಲ್ಲಿ ಸುಮಾರು ಮೂರನೇ ಎರಡು ಭಾಗ 100 ಯಾರ್ಡ್‌ಗಿಂತ ಆಚೆಯ ಹೊಡೆತಗಳಿಂದಲೇ ಬರುತ್ತದೆ. ಯಾವ ಹೋಲ್‌ನಲ್ಲಿ ಯಾವುದು ಅನ್ನೋದನ್ನು ನಿಮ್ಮ ಪುಸ್ತಕ ಹೇಳಲಿ.

ಪಟ್ಟಿಂಗ್ ಬಗ್ಗೆ ಚುಟುಕಾಗಿ ಹೇಳಿಬಿಡ್ತೀನಿ. ಎಷ್ಟು ಪಟ್ ಅನ್ನುವುದರ ಬದಲು ಮೊದಲ ಪಟ್ ಎಷ್ಟು ಅಡಿಯಿಂದ ಅಂತ ಬರೆದಾಗ, ನಾನು ಮೂರು ಪಟ್ ಹೊಡೆದ ಹೋಲ್‌ಗಳಲ್ಲೆಲ್ಲ ಮೊದಲ ಪಟ್ ಹೆಚ್ಚುಕಮ್ಮಿ 30 ಅಡಿ ಆಚೆ ಶುರುವಾಗಿತ್ತು ಅಂತ ಗೊತ್ತಾಯಿತು. 30 ಅಡಿಯಿಂದ ಪ್ರೊಗಳೂ ಸರಾಸರಿ ಎರಡು ಪಟ್ ತೆಗೆದುಕೊಳ್ಳುತ್ತಾರೆ. ಅಲ್ಲಿಂದ ಗುಂಡಿಗೆ ಹಾಕುವ ಆಸೆ ಬಿಟ್ಟು 3 ಅಡಿ ಒಳಗೆ ನಿಲ್ಲಿಸುವ ಅಭ್ಯಾಸ ಮಾಡಿದೆ. 3 ಅಡಿಯಿಂದ ಅವರು 100ಕ್ಕೆ 96ರಷ್ಟು ಹಾಕುತ್ತಾರೆ, ನಾವೂ ಬಹುಪಾಲು ಹಾಕಬಹುದು. ಟೀ ಆಫ್‌ಗೆ ಮುಂಚೆ ಸಿಗುವ ಹತ್ತು ನಿಮಿಷದಲ್ಲಿ ಈಗ ಬರೀ ಉದ್ದದ ಪಟ್ ಮತ್ತು 3 ಅಡಿ ಪಟ್. ಇನ್ನೊಂದು ಮಾತು, ಗಿಮ್ಮಿ ಕೊಟ್ಟ (ಹೊಡೆಯದೆಯೇ ಹಾಕಿದ ಹಾಗೆ ಬಿಟ್ಟುಕೊಟ್ಟ) ಪಟ್‌ಗಳನ್ನು ಹಾಕಿದ್ದು ಅಂತ ಬರೆಯಬೇಡಿ. ಸ್ನೇಹಿತರು ಪ್ರೀತಿಯಿಂದ "ಎತ್ಕೊಳ್ಳಿ" ಅಂತಾರೆ. ಎತ್ಕೊಳ್ಳದೆ ಹೊಡೆಯಿರಿ. ಲೆಕ್ಕ ನಿಜ ಇದ್ದರಷ್ಟೇ ಉಪಯೋಗ.

ಕ್ಲಬ್ ಹಿಡಿಕೆಗೆ ಸಿಕ್ಕಿಸುವ ಆರ್ಕೋಸ್ ಥರದ ಸೆನ್ಸರ್‌ಗಳು, ದೂರ ದಾಖಲಿಸುವ ವಾಚ್‌ಗಳು ಬಂದಿವೆ. ಈ ಗುಣಿಸೋ ಕಳೆಯೋ ಕೆಲಸವನ್ನೆಲ್ಲ ಅವೇ ಮಾಡುತ್ತವೆ, ನಿಮ್ಮ ಮಟ್ಟದ ಆಟಗಾರರ ಜೊತೆಗೂ ಹೋಲಿಸಿ ತೋರಿಸುತ್ತವೆ. ದುಡ್ಡಿದ್ದರೆ ತಗೊಳ್ಳಿ. ನನಗೆ ಪುಸ್ತಕವೇ ಇಷ್ಟ. ಕೈಯಲ್ಲಿ ಬರೆದ ದೂರ ತಲೆಯಲ್ಲೂ ಉಳಿಯುತ್ತದೆ.

ತಾಳ್ಮೆ ಬೇಕೇ ಬೇಕು. ಒಂದು ರೌಂಡ್ ನೋಡಿ ಏನನ್ನೂ ತೀರ್ಮಾನ ಮಾಡಬಾರದು. ಒಂದು ದಿನ ಬಂಕರ್‌ನಿಂದ ಮೂರು ಸಲ ಚೆನ್ನಾಗಿ ಬಂದರೆ ಬಂಕರ್ ಆಟ ಸರಿಹೋಯ್ತು ಅಂತಲ್ಲ. ಹ್ಯಾಂಡಿಕ್ಯಾಪ್ ಕೂಡ ತಡವಾಗಿ ಇಳಿಯುತ್ತದೆ. 2020ರಲ್ಲಿ ಬಂದ ವಿಶ್ವ ಹ್ಯಾಂಡಿಕ್ಯಾಪ್ ಪದ್ಧತಿಯಲ್ಲಿ ಕೊನೆಯ 20 ರೌಂಡ್‌ಗಳಲ್ಲಿ ಅತ್ಯುತ್ತಮ 8ರ ಸರಾಸರಿಯೇ ನಿಮ್ಮ ಇಂಡೆಕ್ಸ್, ಅಂದ್ರೆ ಹ್ಯಾಂಡಿಕ್ಯಾಪ್ ಸಂಖ್ಯೆ. ಅದು ನಿಮ್ಮ ಒಳ್ಳೆಯ ದಿನಗಳ ಲೆಕ್ಕ. ಉಳಿದ 12 ರೌಂಡ್ ಏನಾದವು ಅಂತ ಅದು ಹೇಳಲ್ಲ. ನನ್ನ ಆಟದಲ್ಲಿ ಮೊದಲು ಸುಧಾರಿಸಿದ್ದು ಆ 12. ಕೆಟ್ಟ ದಿನದ 102 ಹೋಗಿ 95 ಆಯಿತು. ಇಂಡೆಕ್ಸ್ ಮಾತ್ರ ತಿಂಗಳುಗಟ್ಟಲೆ ಅಲ್ಲಾಡಲಿಲ್ಲ. ಅಲ್ಲಿಗೆ ಬೇಜಾರಾಗಿ ಪುಸ್ತಕ ಎತ್ತಿಟ್ಟಿದ್ದರೆ ಮುಂದಿನದು ಸಿಗುತ್ತಿರಲಿಲ್ಲ. ಅದಕ್ಕೇ ಎಲ್ಲ 20ರ ಸರಾಸರಿಯನ್ನೂ ಪಕ್ಕದಲ್ಲಿ ಬರೆದಿಟ್ಟುಕೊಳ್ಳಿ.

ಈಗ ನನ್ನ ಪುಸ್ತಕದಲ್ಲಿ ಎದ್ದು ಕಾಣುತ್ತಿರುವುದು 30ರಿಂದ 60 ಯಾರ್ಡ್ ನಡುವಿನ ವೆಡ್ಜ್ (ಗಿಡ್ಡ ದೂರದ ಕ್ಲಬ್) ಹೊಡೆತ. ಪೂರ್ತಿ ಸ್ವಿಂಗೂ ಅಲ್ಲ, ಚಿಪ್ಪೂ ಅಲ್ಲ. ಕೈ ಸೊಂಟದವರೆಗೆ ತಂದರೆ ಎಷ್ಟು, ಎದೆಯವರೆಗೆ ತಂದರೆ ಎಷ್ಟು ಅಂತ ರೇಂಜ್‌ನಲ್ಲಿ ಹೆಜ್ಜೆ ಹಾಕಿ ಅಳೆದು ಬರೆಯುತ್ತಿದ್ದೇನೆ. ಮಳೆ ಬಿಡುವಷ್ಟರಲ್ಲಿ ಆ ಹಾಳೆ ತುಂಬಬೇಕು.