303 ಎಂದು ಬಂದ ರಾಡ್‌ಗಳಲ್ಲಿ 304 ಬೆರೆತಿದ್ದಾಗ

ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದ ನಮ್ಮ ಶೆಡ್ಡಿನಲ್ಲಿ 25 ಮಿ.ಮೀ. ಸ್ಟೇನ್‌ಲೆಸ್ ಉಕ್ಕಿನ 303 ದರ್ಜೆಯ ರಾಡ್‌ನಿಂದ ಬುಷ್ ತಯಾರಿಸುವಾಗ, ಕೆಲವು ರಾಡ್‌ಗಳಲ್ಲಿ ಮಾತ್ರ ಚೂರಾಗಿ ಉದುರಬೇಕಾದ ಚಿಪ್ಸ್ ಉದ್ದನೆಯ ಎಳೆಯಾಗಿ ಟೂಲಿಗೆ ಸುತ್ತಿಕೊಂಡು, 3 ಮಿ.ಮೀ. ಡ್ರಿಲ್ ಮುರಿಯುತ್ತಿತ್ತು. ಪಕ್ಕದ ರಾಡ್‌ನಲ್ಲಿ ಅದೇ ಪ್ರೋಗ್ರಾಂ ಸರಾಗವಾಗಿ ಓಡುತ್ತಿತ್ತು.

ವೇಗ ಇಳಿಸಿದೆ, ಇನ್ಸರ್ಟ್ (ಟೂಲಿನ ಕತ್ತರಿಸುವ ತುದಿ) ಬದಲಿಸಿದೆ, ಕೂಲಂಟ್ ಗಟ್ಟಿ ಮಾಡಿದೆ, ಪ್ರಯೋಜನವಾಗಲಿಲ್ಲ. 304 ದರ್ಜೆಯ ರಾಡ್ ಬೆರೆತಿರಬಹುದೇ ಎಂಬ ಅನುಮಾನ ಬಂತು. ಆದರೆ ಮಿಲ್ ಸರ್ಟಿಫಿಕೇಟ್ (ತಯಾರಕರು ಕೊಡುವ ಪ್ರಮಾಣಪತ್ರ) ಸರಿಯಾಗಿಯೇ ಇತ್ತು. ಎರಡೂ ದರ್ಜೆಗಳಿಗೆ ಸಾಮಾನ್ಯವಾಗಿ ಅಯಸ್ಕಾಂತ ಅಂಟುವುದಿಲ್ಲ. ಎರವಲು ತಂದ ಎಕ್ಸ್‌ಆರ್‌ಎಫ್ ಗನ್ (ಎಕ್ಸ್-ರೇಯಿಂದ ಲೋಹದ ಅಂಶ ಅಳೆಯುವ ಕೈ ಯಂತ್ರ) ಕ್ರೋಮಿಯಂ, ನಿಕಲ್ ಅಂಕಿಗಳನ್ನಷ್ಟೇ ತೋರಿಸಿತು. ಅವು ಎರಡರಲ್ಲೂ ಹೆಚ್ಚುಕಡಿಮೆ ಒಂದೇ.

ನೋಡಬೇಕಿದ್ದುದು ಚಿಪ್ಸ್ ಚೂರಾಗಿ ಒಡೆಯುವಂತೆ ಮಾಡುವ ಗಂಧಕವನ್ನು: 303ರಲ್ಲಿ ಅದು ಕನಿಷ್ಠ 0.15%, 304ರಲ್ಲಿ ಗರಿಷ್ಠ 0.03%. ಅದಕ್ಕೆ ಸ್ಪಾರ್ಕ್ ಸ್ಪೆಕ್ಟ್ರೋ ಪರೀಕ್ಷೆಯೇ (ಲೋಹಕ್ಕೆ ಕಿಡಿ ಹಾಯಿಸಿ, ಅದರ ಬೆಳಕಿನಿಂದ ಅಂಶಗಳನ್ನು ಅಳೆಯುವುದು) ಸೂಕ್ತ. ಹೀಟ್‌ಗೆ (ಒಂದೇ ಬಾರಿ ಕರಗಿಸಿದ ಉಕ್ಕಿನ ಕಂತಿಗೆ) ಒಂದರಂತಲ್ಲದೆ, ಪ್ರತಿ ರಾಡ್‌ನಿಂದ 20 ಮಿ.ಮೀ. ತುಂಡು ಕತ್ತರಿಸಿ, ತುಂಡಿಗೂ ರಾಡ್‌ಗೂ ಒಂದೇ ಸಂಖ್ಯೆ ಹೊಡೆದೆ. ತುಂಡಿನ ಮುಖವನ್ನು 60 ಗ್ರಿಟ್ ಅಲ್ಯೂಮಿನಾ ಪಟ್ಟಿಯಲ್ಲಿ ಒಣದಾಗಿಯೇ ಉಜ್ಜಿಸಬೇಕು. ಆಮೇಲೆ ಅದಕ್ಕೆ ಬೆರಳೂ ಎಣ್ಣೆಯೂ ತಾಗಬಾರದು. ಲ್ಯಾಬಿನವರು ಮೊದಲು ಸ್ಟೇನ್‌ಲೆಸ್‌ನ ಪ್ರಮಾಣಿತ ಮಾದರಿಯನ್ನು ಸ್ಪಾರ್ಕ್ ಮಾಡಿ ಗಂಧಕದ ಓದು ಸರಿಯಿದೆಯೆಂದು ತೋರಿಸಿದ ಬಳಿಕವೇ ನಮ್ಮ ತುಂಡು ಇಡಿಸಿದೆ. ಒಂದರ ಮೇಲೊಂದು ಬೀಳದಂತೆ ಮೂರು ಸ್ಪಾರ್ಕ್, ಅವುಗಳ ಸರಾಸರಿ. ಸ್ಪಾರ್ಕ್ ಬಿದ್ದ ಕಲೆಯ ಸುತ್ತ ಕಪ್ಪು ಉಂಗುರ ಮೂಡದೆ ಬೆಳ್ಳಗೆ ಕಂಡರೆ ಆ ಓದನ್ನು ಬಿಟ್ಟು, ಮತ್ತೆ ಉಜ್ಜಿಸಬೇಕು.

ತೊಂದರೆ ಕೊಟ್ಟ ರಾಡ್‌ಗಳಲ್ಲೆಲ್ಲ ಗಂಧಕ 0.03%ಕ್ಕಿಂತ ಕಡಿಮೆಯಿತ್ತು. ಅವುಗಳ ತುದಿಗೆ ಕೆಂಪು ಬಣ್ಣ ಬಳಿದು ಬೇರೆ ರ‍್ಯಾಕ್‌ನಲ್ಲಿಟ್ಟೆ. ಉಳಿದವು ಹಳೆಯ ವೇಗದಲ್ಲಿ, ಹಳೆಯ ಇನ್ಸರ್ಟ್‌ನಲ್ಲೇ ಓಡುತ್ತಿವೆ.